ಮಗು ಈಗ ಎಲ್ಲಿದೆ, ಪಾಸ್ಟರೇ?

ಓದುವ ಭಾಗಗಳು: 2 ಅರಸುಗಳು 4:18-37; 2 ಸಮುವೇಲ 12:15-23; ಲೂಕ 13:1-5; 1 ಥೆಸಲೊನೀಕ 4:13-18

ಕೂತುಕೊಳ್ಳಿ. ಬಾಗಿಲ ಹತ್ತಿರ ನಿಂತವರಿಗೆ ಮುಂದೆ ಜಾಗ ಉಂಟು, ಬನ್ನಿ, ನಾಚಿಕೆ ಬೇಡ.

ಇವತ್ತಿನ ಆರಾಧನೆಯಲ್ಲಿ ಕರ್ತನು ನಮ್ಮನ್ನು ಸಂತೋಷಪಡಿಸಿದ್ದಾನೆ, ಸ್ತೋತ್ರ. ಆದರೆ ಸಂದೇಶ ಸ್ವಲ್ಪ ಭಾರದ್ದು. ಇದು ಯೂತ್ ಗ್ರೂಪಿನವರೇ ಕೇಳಿದ ವಿಷಯ. ನಿಮ್ಮಲ್ಲಿ ಸುಮಾರು ಜನ ಪುತ್ತೂರು, ಸುಳ್ಯ, ಕಡಬ ಕಡೆಯವರು. ಓದಿ, ಕೆಲಸ ಸಿಕ್ಕಿ, ಮಂಗಳೂರು ಬೆಂಗಳೂರು ಅಂತ ಇದ್ದೀರಿ. ಒಂದು ದಿನ ಊರಿಂದ ಫೋನ್ ಬರ್ತದೆ, ಇಂಥವರ ಮಗು ಹೋಯ್ತು ಅಂತ. ಬೆಳಿಗ್ಗೆ ಬ್ಯಾಗ್ ಹಾಕಿಕೊಂಡು ಶಾಲೆಗೆ ಹೋದ ಮಗು. ಅಥವಾ ಎರಡು ದಿನದ ಜ್ವರ ಅಂತ ಮಲಗಿದ್ದ ಮಗು. ನೀವು ರಾತ್ರಿ ಬಸ್ ಹಿಡಿದು ಶಿರಾಡಿ ಘಾಟಿ ಇಳಿದು ಬರ್ತೀರಿ. ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿರ್ತಾರೆ, ಜನ ಮೆಲ್ಲಗೆ ಮಾತಾಡ್ತಿರ್ತಾರೆ. ಒಳಗೆ ಹೋಗಿ ಆ ತಾಯಿಯ ಎದುರು ನಿಂತಾಗ ಬಾಯಿ ಒಣಗ್ತದೆ. ಎಂತ ಹೇಳುವುದು ಪಾಸ್ಟರೇ ಅಂತ ಕೇಳಿದ್ದಿರಿ ನೀವು.

ಎಂತ ಹೇಳಬಾರದು ಅಂತ ಮೊದಲು ನೋಡುವ. ಅದಕ್ಕೂ ಮೊದಲು ನಮ್ಮೂರಿನದೇ ಒಂದು ವಿಷಯ.

2024ರ ಮೇ ತಿಂಗಳಲ್ಲಿ ಪುತ್ತೂರಿನ ಒಂದು ಪತ್ರಿಕಾ ಜಾಹೀರಾತು ದೇಶ ಇಡೀ ಸುತ್ತಿತು. ನಿಮ್ಮ ಫೋನಿಗೂ ಬಂದಿರಬಹುದು. 30 ವರ್ಷಗಳ ಹಿಂದೆ ತೀರಿಹೋದ ಮಗಳಿಗೆ ವರ ಬೇಕು ಅಂತ ಒಂದು ಮನೆಯವರು ಹಾಕಿಸಿದ್ದು. ವರನೂ 30 ವರ್ಷ ಹಿಂದೆಯೇ ತೀರಿಹೋದವನಾಗಿರಬೇಕು. ಪ್ರೇತ ಮದುವೆ. ತುಳುನಾಡಿನವರಿಗೆ ಇದು ಹೊಸತಲ್ಲ. ಮದುವೆಯಾಗುವ ಮೊದಲೇ ಸತ್ತ ಮಗು ಕುಲೆಯಾಗಿ ಅಲೆಯುತ್ತದೆ, ಅದಕ್ಕೆ ಶಾಂತಿ ಇಲ್ಲ, ಅದರಿಂದ ಮನೆಗೂ ತೊಂದರೆ ಅಂತ ಒಂದು ನಂಬಿಕೆ. ಹಾಗಾಗಿ ಮಗು ಬದುಕಿದ್ದರೆ ಮದುವೆಯ ಪ್ರಾಯಕ್ಕೆ ಬರ್ತಿದ್ದ ಕಾಲಕ್ಕೆ, ಎರಡೂ ಮನೆಯವರು ಸೇರಿ ಸೀರೆ, ಪಂಚೆ, ಹೂವು, ಧಾರೆ, ಊಟ, ಎಲ್ಲ ಮಾಡಿ ಮದುವೆ ನಡೆಸ್ತಾರೆ.

ಬೆಂಗಳೂರಿನಲ್ಲಿ, ದೆಹಲಿಯಲ್ಲಿ ಕೂತವರು ಇದನ್ನು ಫಾರ್ವರ್ಡ್ ಮಾಡಿ ನಕ್ಕರು. ವಿಶ್ವಾಸಿಗಳ ಗ್ರೂಪುಗಳಲ್ಲಿಯೂ ನಗುವ ಮುಖದ ಚಿತ್ರ ಬಂತು. ದೇವಜನರೇ, ನಗಬೇಡಿ. ಆ ಜಾಹೀರಾತನ್ನು ಇನ್ನೊಮ್ಮೆ ಓದಿ ನೋಡಿ. 30 ವರ್ಷ ಆ ತಂದೆತಾಯಿ ಲೆಕ್ಕ ಇಟ್ಟಿದ್ದಾರೆ. ಈ ವರ್ಷ ಒಂದನೇ ಕ್ಲಾಸಿಗೆ ಹೋಗ್ತಿದ್ದಳು. ಈ ವರ್ಷ ಎಸ್ಸೆಸ್ಸೆಲ್ಸಿ. ಈಗ ಮದುವೆಗೆ ಬಂದಿರ್ತಿದ್ದಳು. ಯಾರೂ ಕೇಳದಿದ್ದರೂ ಎದೆಯೊಳಗೆ ಮಗುವಿಗೆ ಪ್ರಾಯ ಆಗುತ್ತಾ ಹೋಗಿದೆ. ಮಗುವನ್ನು ಕಳಕೊಂಡ ಎಲ್ಲ ಮನೆಯಲ್ಲಿಯೂ ಈ ಲೆಕ್ಕ ನಡೀತದೆ, ವಿಶ್ವಾಸಿಗಳ ಮನೆಯಲ್ಲಿಯೂ. "ಮೂರು ತಿಂಗಳಾಯ್ತು, ಇನ್ನೂ ಅಳ್ತಾ ಇದ್ದಾಳೆ, ಸಮಾಧಾನ ತಂದುಕೊಳ್ಳಬೇಕಿತ್ತು" ಅಂತ ಸಭೆಯಲ್ಲಿ ಮಾತಾಡುವವರು ಆ ಜಾಹೀರಾತನ್ನು ಕತ್ತರಿಸಿ ಸತ್ಯವೇದದೊಳಗೆ ಇಟ್ಟುಕೊಳ್ಳಬೇಕು. ಮೂವತ್ತು ವರ್ಷ ಮಾರಾಯ್ರೆ!

ಅಲ್ಲಿ ಎರಡು ಸಂಗತಿ ಉಂಟು. ಒಂದು ಪ್ರೀತಿ. ಅದನ್ನು ನಾನು ಕೈ ಮುಗಿದು ಗೌರವಿಸ್ತೇನೆ. ಇನ್ನೊಂದು ಭಯ. ಸತ್ತ ಮಗು ಅಲೆಯುತ್ತಿದೆ, ಅದಕ್ಕೆ ನಾವು ಬಾಕಿ ಇಟ್ಟಿದ್ದೇವೆ, ಮನೆಯ ಕಷ್ಟಕ್ಕೆ ಅದೇ ಕಾರಣ ಅನ್ನುವ ಭಯ. ಸುವಾರ್ತೆಗೆ ಕೆಲಸ ಇರುವುದು ಈ ಭಯದ ಹತ್ತಿರ. ಮತ್ತೆ ಒಂದು ಮಾತು ಹೇಳ್ತೇನೆ, ಬೇಜಾರಾದರೆ ಆಗಲಿ: ಇದೇ ಭಯವನ್ನು ನಾವು ಬೇರೆ ಬಟ್ಟೆ ಹಾಕಿಸಿ ಸಭೆಯೊಳಗೆ ಕರಕೊಂಡು ಬಂದಿದ್ದೇವೆ. ಅವರು ಕುಲೆ ಅಂತಾರೆ. ನಾವು "ಮನೆಯಲ್ಲಿ ಎಂತದೋ ಪಾಪ ಇರಬೇಕು" ಅಂತೇವೆ. "ವಿಶ್ವಾಸ ಸಾಕಾಗಲಿಲ್ಲ" ಅಂತೇವೆ. "ದಶಮಾಂಶ ಸರಿಯಾಗಿ ಕೊಡ್ತಿರಲಿಲ್ಲ" ಅಂತಲೂ ಹೇಳುವವರು ಇದ್ದಾರೆ. ಕಾರಣ ಹುಡುಕುವ ಚಟ ಅದೇ. ಹೆಸರು ಮಾತ್ರ ಬೇರೆ.

2022ರ ಆಗಸ್ಟ್ 1ರ ರಾತ್ರಿ ಕುಕ್ಕೆ ಸುಬ್ರಹ್ಮಣ್ಯದ ಪರ್ವತಮುಖಿಯಲ್ಲಿ ಗುಡ್ಡ ಜರಿದು ಒಂದು ಮನೆಯ ಮೇಲೆ ಬಿತ್ತು. ಇಬ್ಬರು ಎಳೆಯ ಹೆಣ್ಣುಮಕ್ಕಳು ಮಣ್ಣಿನಡಿ ಸಿಕ್ಕಿ ತೀರಿಹೋದರು. ಕಡಬ, ಸುಳ್ಯದವರು ಯಾರೂ ಆ ರಾತ್ರಿಯ ಮಳೆಯನ್ನು ಮರೆಯಲಿಕ್ಕಿಲ್ಲ. ಯಾರ ಪಾಪ ಅದು? ಲೂಕ 13 ತೆಗೆಯಿರಿ. ಸಿಲೋವದಲ್ಲಿ ಗೋಪುರ ಬಿದ್ದು 18 ಜನ ಸತ್ತಿದ್ದರು. ಆ ಸತ್ತವರು ಯೆರೂಸಲೇಮಿನ ಉಳಿದವರಿಗಿಂತ ಹೆಚ್ಚು ಅಪರಾಧಿಗಳಾಗಿದ್ದರಾ ಅಂತ ಯೇಸು ಸ್ವಾಮಿ ತಾನೇ ಪ್ರಶ್ನೆ ಎತ್ತಿ, ತಾನೇ ಇಲ್ಲ ಅಂತ ಹೇಳಿದ. ಯೋಹಾನ 9ರಲ್ಲಿ ಹುಟ್ಟುಕುರುಡನನ್ನು ನೋಡಿ ಶಿಷ್ಯರು ಕೇಳಿದ್ದು ಇದೇ ಪ್ರಶ್ನೆ: ಪಾಪ ಮಾಡಿದ್ದು ಇವನಾ, ಇವನ ತಂದೆತಾಯಿಯಾ? ಎರಡೂ ಅಲ್ಲ ಅಂತ ಉತ್ತರ. ಸ್ವಾಮಿಯೇ ಮುಚ್ಚಿದ ಫೈಲನ್ನು ಅಂಗಳದ ಕುರ್ಚಿಯಲ್ಲಿ ಕೂತು ತೆರೆಯಲಿಕ್ಕೆ ನಾವು ಯಾರು? ಮಳೆಗೆ ನೆನೆದ ಗುಡ್ಡ ಜಾರಿತು. ಕೆಳಗೆ ಮಕ್ಕಳಿದ್ದರು. ನಮಗೆ ಗೊತ್ತಿರುವುದು ಅಷ್ಟೇ, ಹೇಳಬೇಕಾದ್ದೂ ಅಷ್ಟೇ.

ಕೂಡಲೇ ಯಾರಾದರೂ ಕೈ ಎತ್ತುತ್ತಾರೆ. ಪಾಸ್ಟರೇ, ದಾವೀದನ ಮಗು ಸತ್ತದ್ದು ದಾವೀದನ ಪಾಪಕ್ಕಲ್ವಾ? ಹೌದು, 2 ಸಮುವೇಲ 12ರಲ್ಲಿ ಹಾಗೆ ಉಂಟು. ಆದರೆ ದಾವೀದನಿಗೆ ಅದನ್ನು ಹೇಳಲಿಕ್ಕೆ ದೇವರು ನಾತಾನ ಪ್ರವಾದಿಯನ್ನು ಕಳಿಸಿದ. ಕೊಲೆ ಮಾಡಿಸಿದ ಅರಸನ ಎದುರು ನಿಂತು, ಪ್ರಾಣದ ಆಸೆ ಬಿಟ್ಟು ಮಾತಾಡಿದವನು ನಾತಾನ. ಆ ಒಂದು ಮನೆಗೆ, ಆ ಒಂದು ಸಲ. ನಿಮ್ಮ ಪಕ್ಕದ ಮನೆಗೆ ನಾತಾನನನ್ನು ಕಳಿಸಿದ್ದಾನಾ? ಇಲ್ಲ ಅಂದ ಮೇಲೆ ನೀವು ನಾತಾನ ಆಗಬೇಡಿ. ಪ್ಲೀಸ್.

ಅದೇ ದಾವೀದನನ್ನು ಇನ್ನೊಂದು ರೀತಿಯಲ್ಲಿಯೂ ದುರುಪಯೋಗ ಮಾಡ್ತಾರೆ. ಮಗು ಜೀವಂತ ಇರುವಾಗ ನೆಲದಲ್ಲಿ ಬಿದ್ದು ಉಪವಾಸ ಮಾಡಿದ. ಏಳನೇ ದಿನ ಮಗು ಸತ್ತಿತು ಅಂತ ಗೊತ್ತಾದ ಮೇಲೆ ಎದ್ದ, ಸ್ನಾನ ಮಾಡಿದ, ಆಲಯಕ್ಕೆ ಹೋಗಿ ಆರಾಧಿಸಿದ, ಮನೆಗೆ ಬಂದು ಊಟ ಮಾಡಿದ. ನೋಡಿ, ವಿಶ್ವಾಸಿ ಅಂದ್ರೆ ಹೀಗಿರಬೇಕು, ಎದ್ದು ಮುಖ ತೊಳಕೊಳ್ಳಿ ಅಂತ ದುಃಖದಲ್ಲಿರುವವರಿಗೆ ಉಪದೇಶ. ಸರಿ. ಆರು ಅಧ್ಯಾಯ ಮುಂದೆ ಹೋಗಿ. 18ನೇ ಅಧ್ಯಾಯದ ಕೊನೆಯಲ್ಲಿ ಅಬ್ಷಾಲೋಮ ಸತ್ತ ಸುದ್ದಿ ಬರ್ತದೆ. ಅದೇ ದಾವೀದ, ಅದೇ ವಿಶ್ವಾಸ. ಈ ಸಲ ಮುಖ ತೊಳಕೊಳ್ಳಲಿಲ್ಲ. ಬಾಗಿಲ ಮೇಲಿನ ಕೋಣೆ ಹತ್ತುತ್ತಾ ಹತ್ತುತ್ತಾ ಮಗನ ಹೆಸರು ಹಿಡಿದು ಕೂಗಿ ಅತ್ತ, ನಿನ್ನ ಬದಲು ನಾನು ಸಾಯಬಾರದಿತ್ತಾ ಅಂತ. ಯುದ್ಧ ಗೆದ್ದ ಸೈನ್ಯ ನಾಚಿಕೊಂಡು ಕಳ್ಳರ ಹಾಗೆ ಊರೊಳಗೆ ಬಂತು. ದೇವರ ಮನಸ್ಸಿಗೆ ಒಪ್ಪಿದ ಮನುಷ್ಯ ಎರಡೂ ತರ ಅತ್ತಿದ್ದಾನೆ. ಹಾಗಾಗಿ ಅಳುವವರಿಗೆ ಟೈಮ್‌ಟೇಬಲ್ ಕೊಡಬೇಡಿ.

ಈಗ ಶೂನೇಮಿನ ತಾಯಿಯ ಹತ್ತಿರ ಹೋಗುವ. ಈ ಅಧ್ಯಾಯ ನನಗೆ ತುಂಬಾ ಪ್ರಿಯ, ಸ್ವಲ್ಪ ನಿಧಾನ ಹೋಗ್ತೇನೆ.

ಮಕ್ಕಳಿಲ್ಲದ ಮನೆ. ಇದ್ದಾಳೆ ಬಿದ್ದಾಳೆ ಅನ್ನುವ ಹೆಂಗಸಲ್ಲ ಅವಳು, ಅನುಕೂಲಸ್ಥೆ. ಪ್ರವಾದಿ ಎಲೀಷನಿಗೆ ಮಾಳಿಗೆಯಲ್ಲಿ ಒಂದು ಕೋಣೆ ಕಟ್ಟಿಸಿ, ಮಂಚ, ಮೇಜು, ಕುರ್ಚಿ, ದೀಪ ಇಟ್ಟುಕೊಟ್ಟವಳು. ಬದಲಿಗೆ ಎಂತದೂ ಕೇಳಲಿಲ್ಲ. ಬರುವ ವರ್ಷ ಮಗು ಆಗ್ತದೆ ಅಂತ ಎಲೀಷ ಹೇಳಿದಾಗ, ಸ್ವಾಮಿ, ನನಗೆ ಸುಳ್ಳು ಹೇಳಬೇಡಿ ಅಂದಳು. ಆಸೆ ಹುಟ್ಟಿಸಬೇಡಿ ಅಂತ. ಮಗು ಹುಟ್ಟಿತು. ಬೆಳೆಯಿತು. ಒಂದು ದಿನ ಕೊಯ್ಲಿನ ಗದ್ದೆಗೆ ಅಪ್ಪನ ಹತ್ತಿರ ಹೋಯಿತು. ತಲೆನೋವು ಅಂತ ಕೂಗಿತು. ಅಪ್ಪ ಆಳಿನ ಹತ್ತಿರ ಹೇಳಿದ, ತಾಯಿ ಹತ್ತಿರ ಕರಕೊಂಡು ಹೋಗು ಅಂತ. ನಾವೂ ಅಷ್ಟೇ ಹೇಳ್ತಿದ್ದೆವು. ಬಿಸಿಲಿಗೆ ತಲೆನೋವು, ಅಮ್ಮ ಒಂದು ಬಟ್ಟೆ ಒದ್ದೆ ಮಾಡಿ ಹಾಕ್ತಾಳೆ, ಸರಿ ಆಗ್ತದೆ. ಮಧ್ಯಾಹ್ನದವರೆಗೆ ತಾಯಿಯ ತೊಡೆಯ ಮೇಲೆ ಇತ್ತು. ಆಮೇಲೆ ಸತ್ತಿತು. ಬೆಳಿಗ್ಗೆ ಗದ್ದೆ, ಮಧ್ಯಾಹ್ನ ಹೆಣ. ಅಷ್ಟು ಬೇಗ.

ಅವಳು ಮಗುವನ್ನು ಎತ್ತಿಕೊಂಡು ಹೋಗಿ ಪ್ರವಾದಿಯ ಮಂಚದ ಮೇಲೆ ಮಲಗಿಸಿ, ಬಾಗಿಲು ಹಾಕಿ, ಕತ್ತೆಗೆ ತಡಿ ಹಾಕಿಸಿ ಹೊರಟಳು. ಗಂಡ ಕೇಳಿದ: ಇವತ್ತು ಅಮಾವಾಸ್ಯೆಯೂ ಅಲ್ಲ, ಸಬ್ಬತ್ತೂ ಅಲ್ಲ, ಪ್ರವಾದಿಯ ಹತ್ತಿರ ಯಾಕೆ? ಅವಳ ಉತ್ತರ ಇಬ್ರಿಯ ಭಾಷೆಯಲ್ಲಿ ಒಂದೇ ಶಬ್ದ, ಶಾಲೋಮ್. ದಾರಿಯಲ್ಲಿ ಗೇಹಜಿ ಓಡಿ ಬಂದು ಎಲ್ಲ ಕ್ಷೇಮವಾ ಅಂದಾಗಲೂ ಅದೇ ಶಬ್ದ. ಈ ಶಬ್ದದ ಮೇಲೆ ತುಂಬಾ ಪ್ರಸಂಗ ಕೇಳಿದ್ದೀರಿ: ಆಹಾ, ಎಂಥ ವಿಶ್ವಾಸ, ಮಗು ಸತ್ತಾಗಲೂ ಕ್ಷೇಮ ಅಂದಳು! ವಿಶ್ವಾಸ ಇತ್ತು, ನಾನು ಇಲ್ಲ ಅನ್ನುವುದಿಲ್ಲ. ಆದರೆ ದುಃಖದ ಮನೆಗೆ ಹೋಗಿ ಬಂದವರಿಗೆ ಇನ್ನೊಂದೂ ಕೇಳಿಸ್ತದೆ. ದಾರಿಯಲ್ಲಿ ಸಿಕ್ಕಿದ ಎಲ್ಲರಿಗೂ ಎದೆ ತೆರೆದು ತೋರಿಸಲಿಕ್ಕೆ ಆಗುವುದಿಲ್ಲ. "ಹೇಗಿದ್ದೀರಿ ಅಕ್ಕ?" "ಹಾಂ, ಚೆನ್ನಾಗಿದ್ದೇವೆ." ಗೇಹಜಿಗೆ ಅಷ್ಟು ಸಾಕು. ಭಾನುವಾರ ಸಭೆಯ ಬಾಗಿಲಲ್ಲಿ ಆ ತಾಯಿ ನಕ್ಕು ಸ್ತೋತ್ರ ಹೇಳಿದಳು ಅಂತ, ಅವಳು ಗುಣ ಆದಳು ಅಂತ ತಿಳಿಯಬೇಡಿ.

ಎಲೀಷನ ಎದುರು ಬಂದಾಗ ನೋಡಿ. ಅಲ್ಲಿ ಶಾಲೋಮ್ ಇಲ್ಲ. ಬಿದ್ದು ಕಾಲು ಹಿಡಿದಳು. ಗೇಹಜಿ ಅವಳನ್ನು ತಳ್ಳಲಿಕ್ಕೆ ಬಂದ. ನಮ್ಮ ಸಭೆಗಳಲ್ಲಿ ಗೇಹಜಿಗಳಿಗೆ ಬರಗಾಲ ಇಲ್ಲ. ಸಿಸ್ಟರ್, ಏಳಿ, ಹೀಗೆಲ್ಲ ಕೂಗಬಾರದು, ಸಾಕ್ಷಿ ಹಾಳಾಗ್ತದೆ ಅಂತ ತೋಳು ಹಿಡಿದು ಎಬ್ಬಿಸುವವರು. ಎಲೀಷ ಎಂತ ಹೇಳಿದ? ಅವಳನ್ನು ಬಿಡು, ಅವಳ ಪ್ರಾಣ ನೊಂದಿದೆ ಅಂದ. ಮತ್ತೆ ಹೇಳಿದ ಮಾತನ್ನು ನಾವು ಪೆಂತೆಕೊಸ್ತಿನವರು ಗೋಡೆಯಲ್ಲಿ ಬರೆದಿಡಬೇಕು. ದೇವರು ಇದನ್ನು ನನಗೆ ಮರೆಮಾಡಿದ್ದಾನೆ, ತಿಳಿಸಲಿಲ್ಲ ಅಂದ.

ಯಾರು ಹೇಳಿದ್ದು? ಶತ್ರು ಅರಸ ಮಲಗುವ ಕೋಣೆಯಲ್ಲಿ ಆಡಿದ ಮಾತನ್ನೂ ದೇವರು ಯಾರಿಗೆ ತಿಳಿಸುತ್ತಿದ್ದನೋ, ಆ ಎಲೀಷ. ಎರಡೇ ಅಧ್ಯಾಯ ಮುಂದೆ ಆ ಕಥೆ ಉಂಟು. ಅಂಥವನು ಒಂದು ಮಗುವಿನ ಸಾವಿನ ಎದುರು ನಿಂತು, ನನಗೆ ಗೊತ್ತಿಲ್ಲ ಅಂತಾನೆ. ನಾವು? ಒಬ್ಬರಿಗೆ ದರ್ಶನ, ಇನ್ನೊಬ್ಬರಿಗೆ ಕನಸು, ಮತ್ತೊಬ್ಬರಿಗೆ ವಾಕ್ಯ. ಶವ ಮನೆಯಿಂದ ಹೊರಡುವುದಕ್ಕೆ ಮೊದಲೇ ಕಾರಣ ಸಿದ್ಧ. ವರಗಳನ್ನು ನಾನು ನಂಬ್ತೇನೆ, ಪ್ರವಾದನೆಯನ್ನು ನಂಬ್ತೇನೆ. ದೇವರು ಹೇಳದೇ ಇದ್ದಾಗ ಹೇಳಲಿಲ್ಲ ಅಂತ ಒಪ್ಪಿಕೊಳ್ಳುವುದೂ ಪ್ರವಾದಿಯ ಕೆಲಸ ಅಂತಲೂ ನಂಬ್ತೇನೆ. ಆಮೆನ್ ಹೇಳ್ತೀರಾ? ಸಣ್ಣ ಆಮೆನ್ ಬಂತು, ಇರಲಿ.

ಆ ಮಗು ಎದ್ದಿತು. ಏಳು ಸಲ ಸೀನಿ ಕಣ್ಣು ಬಿಟ್ಟಿತು. ಹಲ್ಲೆಲೂಯಾ. ಇಲ್ಲಿಗೆ ನಿಲ್ಲಿಸಿದರೆ ಪ್ರಸಂಗ ಸುಲಭ. ಆದರೆ ನಿಮ್ಮ ಊರಿನ ಆ ಮಗು ಏಳಲಿಲ್ಲ. ರಾತ್ರಿ ಇಡೀ ಪ್ರಾರ್ಥಿಸಿದರು, ಅನ್ಯಭಾಷೆಯಲ್ಲಿ ಮೊರೆಯಿಟ್ಟರು, ಎಣ್ಣೆ ಹಚ್ಚಿದರು. ಏಳಲಿಲ್ಲ. ಆಮೇಲೆ ಯಾರೋ ಆ ಅಪ್ಪನ ಕಿವಿಯಲ್ಲಿ ಹೇಳಿದರು, ಸ್ವಲ್ಪ ಸಂಶಯ ಇತ್ತು ಅಂತ ಕಾಣ್ತದೆ ಅಂತ.

ಆ ಮಾತು ಹೇಳಿದವರು ಸುವಾರ್ತೆಗಳನ್ನು ಓದಲಿ. ನಾಯಿನೂರಿನ ವಿಧವೆಯ ವಿಶ್ವಾಸ ಎಷ್ಟಿತ್ತು? ಲೂಕ 7 ಒಂದು ಶಬ್ದವನ್ನೂ ಹೇಳುವುದಿಲ್ಲ. ಅವಳು ಬೇಡಿಕೊಳ್ಳಲೂ ಇಲ್ಲ, ಬರೀ ಅಳುತ್ತಿದ್ದಳು. ಸ್ವಾಮಿ ಕನಿಕರಪಟ್ಟು ಚಟ್ಟ ಮುಟ್ಟಿದ. ಯಾಯೀರನ ಮನೆಯಲ್ಲಿ ಜನ ಸ್ವಾಮಿಯನ್ನೇ ನೋಡಿ ನಕ್ಕರು. ಆದರೂ 12 ವರ್ಷದ ಹುಡುಗಿಯ ಕೈ ಹಿಡಿದು ಎಬ್ಬಿಸಿ, ಅವಳಿಗೆ ತಿನ್ನಲಿಕ್ಕೆ ಕೊಡಿ ಅಂತ ಹೇಳಿದ. ಎಷ್ಟು ಮನೆಯ ಮಾತು ನೋಡಿ ಅದು! ಎದ್ದದ್ದು ಅವನ ಕರುಣೆಯಿಂದ. ವಿಶ್ವಾಸವನ್ನು ತಕ್ಕಡಿಯಲ್ಲಿ ಹಾಕಿ, ಇಷ್ಟು ಗ್ರಾಮ್ ಕಡಿಮೆ, ಮಗು ಕೊಡುವುದಿಲ್ಲ ಅಂತ ಹೇಳುವ ಅಂಗಡಿಯವನಲ್ಲ ನಮ್ಮ ದೇವರು.

ಮತ್ತೆ ಇದನ್ನೂ ಯೋಚನೆ ಮಾಡಿ. ಶೂನೇಮಿನ ಹುಡುಗ ಈಗ ಎಲ್ಲಿದ್ದಾನೆ? ಯಾಯೀರನ ಮಗಳು? ಲಾಜರ? ಎಲ್ಲರೂ ಇನ್ನೊಮ್ಮೆ ಸತ್ತರು. ಅವರಿಗೆ ಸಿಕ್ಕಿದ್ದು ಸ್ವಲ್ಪ ಕಾಲದ ವಾಯಿದೆ. ನಮ್ಮ ನಿರೀಕ್ಷೆ ಆ ವಾಯಿದೆಯ ಮೇಲೆ ನಿಂತಿಲ್ಲ. ಮೂರನೇ ದಿನ ಎದ್ದು ಮತ್ತೆಂದೂ ಸಾಯದವನ ಮೇಲೆ ನಿಂತಿದೆ. 1 ಕೊರಿಂಥ 15ರಲ್ಲಿ ಪೌಲ ಅವನನ್ನು ಪ್ರಥಮಫಲ ಅಂತಾನೆ. ಕೃಷಿಯ ಮನೆಯ ನಿಮಗೆ ಇದು ಬೇಗ ಅರ್ಥ ಆಗ್ತದೆ. ಹೊಸ ತೋಟದಲ್ಲಿ ಮೊದಲ ಅಡಿಕೆ ಗೊನೆ ಬಂದರೆ ಅಜ್ಜ ಎಷ್ಟು ಖುಷಿಪಡ್ತಾರೆ! ಒಂದು ಗೊನೆಯ ಅಡಿಕೆಗೆ ಎಷ್ಟು ಹಣ ಸಿಕ್ಕೀತು? ಖುಷಿ ಅದಕ್ಕಲ್ಲ. ತೋಟ ಇಡೀ ಬರ್ತದೆ ಅಂತ ಗೊತ್ತಾಯ್ತಲ್ಲ, ಅದಕ್ಕೆ.

ಇಲ್ಲಿ ಒಬ್ಬ ತಾಯಿಯ ಬಗ್ಗೆ ಹೇಳಬೇಕು. ಸಭೆಗಳಲ್ಲಿ ಅವಳ ಹೆಸರು ಹೆಚ್ಚು ಕೇಳುವುದಿಲ್ಲ. ವಿಲಿಯಂ ಕೇರಿ ಎಲ್ಲರಿಗೂ ಗೊತ್ತು. 1793ರಲ್ಲಿ ಇಂಗ್ಲೆಂಡಿನಿಂದ ಬಂಗಾಳಕ್ಕೆ ಬಂದ ಮಿಷನರಿ, ಸೆರಾಂಪುರದಲ್ಲಿ ಅಚ್ಚುಕೂಟ ಹಾಕಿ ನಮ್ಮ ದೇಶದ ಎಷ್ಟೋ ಭಾಷೆಗಳಲ್ಲಿ ದೇವರ ವಾಕ್ಯ ಅಚ್ಚು ಮಾಡಿಸಿದವರು. ಅವರ ಹೆಂಡತಿ ಡೊರೊಥಿ. ಅವಳಿಗೆ ಈ ದೇಶಕ್ಕೆ ಬರಲಿಕ್ಕೆ ಮನಸ್ಸೇ ಇರಲಿಲ್ಲ, ಒತ್ತಾಯಕ್ಕೆ ಬಂದಳು, ಕೈಯಲ್ಲಿ ಹಸುಗೂಸು. 1794ರಲ್ಲಿ ಉತ್ತರ ಬಂಗಾಳದ ಒಂದು ನೀಲಿ ಕಾರ್ಖಾನೆಯ ಹತ್ತಿರ ಇದ್ದಾಗ ಅವರ ಮಗ ಪೀಟರ್, 5 ವರ್ಷದವನು, ಆಮಶಂಕೆಯಿಂದ ತೀರಿಹೋದ. ಕೇರಿಯೂ ಕಾಯಿಲೆಯಲ್ಲಿದ್ದರು. ಮಗುವಿಗೆ ಗುಂಡಿ ತೋಡಲಿಕ್ಕೆ ಜನ ಸಿಗಲಿಲ್ಲ. ಹೆಣ ಮುಟ್ಟಿದರೆ ಜಾತಿ ಹೋಗ್ತದೆ ಅನ್ನುವ ಭಯ. ಕೊನೆಗೆ ನಾಲ್ವರು ಮುಸಲ್ಮಾನರು ಬಂದು ಗುಂಡಿ ತೋಡಿದರು.

ಡೊರೊಥಿ ಆಮೇಲೆ ಚೇತರಿಸಿಕೊಳ್ಳಲೇ ಇಲ್ಲ. ಮನಸ್ಸು ಕೆಟ್ಟಿತು. ವರ್ಷಗಟ್ಟಲೆ ಅವಳನ್ನು ಕೋಣೆಯೊಳಗೆ ಇಡಬೇಕಾಯ್ತು. 1807ರಲ್ಲಿ ಸೆರಾಂಪುರದಲ್ಲಿ ತೀರಿಕೊಂಡಳು. ಪಕ್ಕದ ಕೋಣೆಯಲ್ಲಿ ಗಂಡ ಸತ್ಯವೇದ ಭಾಷಾಂತರ ಮಾಡ್ತಿದ್ದ. ಕೇರಿಯ ಕಥೆ ಹೇಳುವವರು ತುಂಬಾ ಜನ ಅವಳನ್ನು ಮಿಷನರಿ ಕೆಲಸಕ್ಕೆ ಒಂದು ಅಡ್ಡಿ ಅನ್ನುವ ಹಾಗೆ ಬರೆದು ಮುಗಿಸಿದರು. ನಾನು ಹಾಗೆ ಹೇಳಲಾರೆ. ಅವಳು ಮಗ ಸತ್ತ ತಾಯಿ. ಗುರುತಿಲ್ಲದ ಊರು, ಬಾರದ ಭಾಷೆ, ಜೊತೆಗೆ ಕೂತು ಅಳಲಿಕ್ಕೆ ಒಬ್ಬ ಹೆಂಗಸು ಇಲ್ಲ. ಅವಳು ವಿಶ್ವಾಸದಲ್ಲಿ ಸೋತಳು ಅಂತ ಹೇಳುವುದಕ್ಕೆ ಮೊದಲು, ಅವಳ ಸುತ್ತ ಸಭೆ ಇತ್ತಾ ಅಂತ ಕೇಳಬೇಕು. ಮನಸ್ಸಿಗೆ ಗಾಯ ಆದರೆ ಡಾಕ್ಟರ ಹತ್ತಿರ ಹೋಗುವುದು ಅವಿಶ್ವಾಸ ಅಲ್ಲ. ಕಾಲು ಮುರಿದರೆ ಪ್ರಾರ್ಥನೆಯೂ ಮಾಡ್ತೇವೆ, ಪ್ಲಾಸ್ಟರೂ ಹಾಕಿಸ್ತೇವೆ. ನಿಮ್ಮ ಅಕ್ಕ, ಅತ್ತಿಗೆ ಯಾರಾದರೂ ತಿಂಗಳುಗಟ್ಟಲೆ ನಿದ್ದೆ ಇಲ್ಲದೆ, ಊಟ ಇಲ್ಲದೆ ಇದ್ದರೆ ಕರಕೊಂಡು ಹೋಗಿ. ನೀವು ಪೇಟೆಯಲ್ಲಿದ್ದೀರಿ, ಒಳ್ಳೆಯ ಡಾಕ್ಟರು ಎಲ್ಲಿದ್ದಾರೆ ಅಂತ ನಿಮಗೆ ಗೊತ್ತು. ಊರಿನ ಪಾಸ್ಟರ್ ಬೇಡ ಅಂದರೆ ನನ್ನ ಹತ್ತಿರ ಮಾತಾಡಿಸಿ.

ಗುಂಡಿಯ ಮಾತು ಬಂತಲ್ಲ. ಅದು 1794ರ ಬಂಗಾಳದ ಕಥೆ ಮಾತ್ರ ಅಲ್ಲ. ನಮ್ಮಂಥ ಸಣ್ಣ ಸಭೆಗಳಿಗೆ ಸ್ವಂತ ಸ್ಮಶಾನ ಇರುವುದು ಅಪರೂಪ. ಮಗುವನ್ನು ಕಳಕೊಂಡ ಅಪ್ಪ ಆ ದಿನವೇ ಜಾಗಕ್ಕಾಗಿ ಅಲ್ಲಿ ಇಲ್ಲಿ ಕೈಮುಗಿಯುತ್ತಾ ಅಲೆಯುವುದು, ಅದಕ್ಕಿಂತ ದೊಡ್ಡ ಹಿಂಸೆ ಬೇರೆ ಉಂಟಾ? ಯೂತ್ ಕ್ಯಾಂಪಿಗೆ ಹೊಸ ಸೌಂಡ್ ಸಿಸ್ಟಮ್ ಬೇಕು ಅಂತ ಕೇಳ್ತೀರಿ, ಕೇಳಿ, ತಪ್ಪಿಲ್ಲ. ಒಂದು ಹತ್ತು ಸೆಂಟ್ಸ್ ಜಾಗದ ಬಗ್ಗೆಯೂ ಕೇಳಿ. ಅಬ್ರಹಾಮ ವಾಗ್ದತ್ತ ದೇಶದಲ್ಲಿ ಹಣ ಕೊಟ್ಟು ಕೊಂಡ ಮೊದಲ ತುಂಡು ಭೂಮಿ ಹೆಂಡತಿಯ ಸಮಾಧಿಗೆ, 400 ಶೆಕೆಲ್ ಬೆಳ್ಳಿ ತೂಗಿ ಕೊಟ್ಟ. ಆದಿಕಾಂಡ 23.

ಈಗ ಮೂಲ ಪ್ರಶ್ನೆಗೆ ಬರ್ತೇನೆ. ಕಡಬದ ಮಲಯಾಳಂ ಮನೆಯಲ್ಲಿಯೂ, ಸುಳ್ಯದ ಅರೆಭಾಷೆ ಮನೆಯಲ್ಲಿಯೂ, ಪುತ್ತೂರಿನ ತುಳು ಮನೆಯಲ್ಲಿಯೂ ನಾನು ಕೇಳಿದ್ದು ಒಂದೇ. ಎಲ್ಲರೂ ಹೋದ ಮೇಲೆ, ಮೆಲ್ಲಗೆ. ಬಾಲೆ ಇತ್ತೆ ಓಲುಂಡು? ಮಗು ಈಗ ಎಲ್ಲಿದೆ, ಪಾಸ್ಟರೇ? ದೀಕ್ಷಾಸ್ನಾನ ಆಗಿರಲಿಲ್ಲ, ಪ್ರಾಯ ಆಗಿರಲಿಲ್ಲ, ರಕ್ಷಣೆ ಅಂದ್ರೆ ಎಂತ ಅಂತ ಅದಕ್ಕೆ ಗೊತ್ತಿರಲಿಲ್ಲ.

ಈ ಪ್ರಶ್ನೆಗೆ ಗೊತ್ತಿಲ್ಲ ಅಂತ ನಾನು ಹೇಳುವುದಿಲ್ಲ. ಯಾಕೆ ಸತ್ತಿತು ಅಂದರೆ ಗೊತ್ತಿಲ್ಲ. ಎಲ್ಲಿದೆ ಅಂದರೆ, ಕರ್ತನ ಹತ್ತಿರ ಇದೆ. ದಾವೀದ ಎದ್ದು ಊಟ ಮಾಡುವಾಗ ಸೇವಕರಿಗೆ ಕೊಟ್ಟ ವಿವರಣೆ ಅದೇ: ಮಗು ನನ್ನ ಹತ್ತಿರ ತಿರುಗಿ ಬರುವುದಿಲ್ಲ, ನಾನೇ ಅದರ ಹತ್ತಿರ ಹೋಗುವವನು. ಬರೀ ಸಮಾಧಿಗೆ ಹೋಗ್ತೇನೆ ಅಂತ ಅದರ ಅರ್ಥ ಅಂತ ಕೆಲವರು ವಾದ ಮಾಡ್ತಾರೆ. ಗುಂಡಿಗೆ ಹೋಗುವ ವಿಷಯ ನೆನೆದು ಯಾವ ಅಪ್ಪನೂ ಎದ್ದು ಆರಾಧನೆ ಮಾಡುವುದಿಲ್ಲ ಅಂತ ನನ್ನ ಅಭಿಪ್ರಾಯ. ಮತ್ತೆ ಸ್ವಾಮಿಯನ್ನು ನೋಡಿ. ತಾಯಂದಿರು ಮಕ್ಕಳನ್ನು ತಂದಾಗ ಶಿಷ್ಯರು ಗದರಿಸಿದರು, ಸ್ವಾಮಿ ಶಿಷ್ಯರನ್ನೇ ಗದರಿಸಿ ಮಕ್ಕಳನ್ನು ಅಪ್ಪಿಕೊಂಡ. ಪರಲೋಕರಾಜ್ಯ ಇಂಥವರದೇ ಅಂದ. ಆ ಮಕ್ಕಳಿಗೆ ಯಾವ ಪಾಠ ಗೊತ್ತಿತ್ತು? ಯಾವ ಸಾಕ್ಷಿ ಹೇಳಿದ್ದವು? ನಾವು ಶಿಶು ಪ್ರತಿಷ್ಠೆ ಮಾಡುವಾಗ ಮಗುವನ್ನು ಎತ್ತಿ ಕರ್ತನ ಕೈಗೆ ಕೊಡ್ತೇವೆ ಅಂತ ಪ್ರಾರ್ಥಿಸ್ತೇವಲ್ಲ, ಅದು ಬರೀ ಕಾರ್ಯಕ್ರಮವಾ? ಕೊಟ್ಟದ್ದು ಹೌದಾದರೆ, ಅವನು ಕೈಬಿಡಲಿಲ್ಲ.

ಹಾಗಾಗಿ ಮಗು ಅಲೆಯುವುದಿಲ್ಲ. ತೋಟದ ಬದಿಯಲ್ಲಿ ಇಲ್ಲ, ಹೊಳೆಯ ಬದಿಯಲ್ಲಿ ಇಲ್ಲ. ಯಾರಿಗೂ ತೊಂದರೆ ಕೊಡುವುದಿಲ್ಲ. ಅದಕ್ಕೆ ನಾವು ಬಾಕಿ ತೀರಿಸಬೇಕಾದ್ದು ಎಂತದೂ ಇಲ್ಲ. ನಿಮ್ಮಲ್ಲಿ ಕೆಲವರು ಮನೆಯಲ್ಲಿ ಮೊದಲು ವಿಶ್ವಾಸಕ್ಕೆ ಬಂದವರು. ನಾಳೆ ಅಜ್ಜಿ ಕೇಳಬಹುದು, ಆಗ ಹೋದ ನಿನ್ನ ತಮ್ಮನಿಗೆ ಮದುವೆ ಮಾಡಿಸಬೇಕು, ಆಟಿಯಲ್ಲಿ ಬಡಿಸಬೇಕು, ನೀನು ಹಣ ಕೊಡು, ಬಂದು ಕೂತುಕೋ ಅಂತ. ಅಜ್ಜಿಯ ಮೇಲೆ ರೇಗಬೇಡಿ, ಸೈತಾನ ಅಂತ ಕೂಗಬೇಡಿ. ಪಕ್ಕದಲ್ಲಿ ಕೂತು ಹೇಳಿ: "ಅಜ್ಜಿ, ತಮ್ಮನ ನೆನಪು ನಿಮಗೆ ಇಷ್ಟು ವರ್ಷ ಉಂಟಲ್ಲ, ಅದಕ್ಕೆ ನನಗೆ ತುಂಬಾ ಸಂತೋಷ. ಆ ಕಾರ್ಯದಲ್ಲಿ ನಾನು ಕೂತುಕೊಳ್ಳುವುದಿಲ್ಲ. ಅವನು ಹಸಿದಿಲ್ಲ ಅಜ್ಜಿ, ಒಬ್ಬನೇ ಇಲ್ಲ, ಯೇಸು ಸ್ವಾಮಿಯ ಹತ್ತಿರ ಇದ್ದಾನೆ. ಅವನು ಹೇಗಿದ್ದ ಅಂತ ನನಗೆ ಹೇಳಿ." ಆಮೇಲೆ ಅವರು ಹೇಳುವುದನ್ನು ಕೇಳಿ. ಫೋನ್ ಕೆಳಗಿಡಿ.

ಥೆಸಲೊನೀಕದ ಸಭೆ ಎಳೆಯ ಸಭೆ, ಹೆಚ್ಚು ಕಾಲ ಆಗಿರಲಿಲ್ಲ ಶುರುವಾಗಿ. ಸ್ವಾಮಿ ಬರುವ ಮೊದಲೇ ತಮ್ಮವರು ಸತ್ತರು ಅಂತ ಅವರಿಗೆ ಗಾಬರಿ. ಪೌಲ ಅವರಿಗೆ ಅಳಬೇಡಿ ಅಂತ ಬರೆಯಲಿಲ್ಲ. ನಿರೀಕ್ಷೆ ಇಲ್ಲದವರ ಹಾಗೆ ಅಳುವುದು ಬೇಡ ಅಂದ. ಎರಡಕ್ಕೂ ತುಂಬಾ ವ್ಯತ್ಯಾಸ ಉಂಟು. ಸತ್ತವರು ಹಿಂದೆ ಬೀಳುವುದಿಲ್ಲ, ಅವರೇ ಮೊದಲು ಏಳ್ತಾರೆ, ಆಮೇಲೆ ನಾವು, ಒಟ್ಟಿಗೆ ಕರ್ತನನ್ನು ಎದುರುಗೊಳ್ಳುವುದು ಅಂತ. ಒಟ್ಟಿಗೆ ಅನ್ನುವ ಶಬ್ದಕ್ಕೆ ಪೆನ್ಸಿಲಿನಲ್ಲಿ ಗೆರೆ ಹಾಕಿ. ನಾನು ಹಾಕಿದ್ದೇನೆ.

ಮತ್ತೆ ನೀವು ಕೇಳಿದ್ದಿರಿ, ಅಂಗಳದಲ್ಲಿ ನಿಂತು ಎಂತ ಹೇಳುವುದು ಅಂತ. "ದೇವರಿಗೆ ಒಳ್ಳೆಯ ಹೂ ಬೇಕಿತ್ತು, ಕಿತ್ತುಕೊಂಡ" ಅಂತ ಹೇಳಬೇಡಿ, ದೇವರು ಹೂ ಕಳ್ಳ ಅಲ್ಲ. "ಇನ್ನೊಂದು ಮಗು ಆಗ್ತದೆ" ಅಂತ ಹೇಳಲೇಬೇಡಿ. ಮಗುವಿನ ಫೋಟೋ ಸ್ಟೇಟಸ್ ಹಾಕುವ ಮೊದಲು ಮನೆಯವರನ್ನು ಕೇಳಿ. ಯೋಬನ ಹತ್ತು ಮಕ್ಕಳು ಒಂದೇ ದಿನ, ಮನೆ ಬಿದ್ದು ಸತ್ತಾಗ ಅವನ ಸ್ನೇಹಿತರು ಬಂದು ಏಳು ದಿನ ಏಳು ರಾತ್ರಿ ನೆಲದಲ್ಲಿ ಮಾತಿಲ್ಲದೆ ಕೂತರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ತೆರೆದ ಮೇಲೆ ಎಲ್ಲ ಹಾಳಾಯ್ತು.

ಕೂತುಕೊಳ್ಳಿ. ಅಡುಗೆಮನೆಗೆ ಹೋಗಿ ಪಾತ್ರೆ ತೊಳೆಯಿರಿ, ದನಕ್ಕೆ ಹುಲ್ಲು ಹಾಕಿ, ಮರಣ ಪ್ರಮಾಣಪತ್ರಕ್ಕೆ ಪಂಚಾಯತಿಗೆ ಓಡಾಡಿ. ಮನೆಯಲ್ಲಿ ಬೇರೆ ಮಕ್ಕಳು ಇರ್ತಾರೆ, ಅವರನ್ನು ಯಾರೂ ನೋಡುವುದಿಲ್ಲ, ಅವರ ಜೊತೆ ಸ್ವಲ್ಪ ಹೊತ್ತು ಇರಿ. ಮೊದಲ ವಾರ ಎಲ್ಲರೂ ಬರ್ತಾರೆ. ನೀವು ಜೂನ್‌ನಲ್ಲಿ ಹೋಗಿ. ಮಳೆ ಶುರುವಾಗಿ, ಶಾಲೆ ಶುರುವಾಗಿ, ಊರಿನ ಮಕ್ಕಳೆಲ್ಲ ಹೊಸ ಕೊಡೆ ಹಿಡಿದು ಆ ಮನೆಯ ಎದುರೇ ಹೋಗುವಾಗ ಆ ತಾಯಿ ಬಾಗಿಲು ಹಾಕಿಕೊಂಡು ಒಳಗಿರ್ತಾಳೆ. ಆವತ್ತು ಒಂದು ಫೋನ್ ಮಾಡಿ. ಮಗುವಿನ ಹೆಸರು ಹೇಳಿ ಮಾತಾಡಿ. ಹೆಸರು ಹೇಳಿದರೆ ಅವಳಿಗೆ ನೆನಪಾಗ್ತದೆ ಅಂತ ಹೆದರಬೇಡಿ. ಅವಳು ಮರೆತಿಲ್ಲ.

ಎದ್ದು ನಿಲ್ಲುವ. ಕೀಬೋರ್ಡ್ ಬೇಡ ಬ್ರದರ್, ಸುಮ್ಮನೆ ಇರಲಿ. ಯಾರ ಮನೆಯಲ್ಲಿ ಹೀಗೆ ಒಂದು ಮಗು ಹೋಗಿದೆಯೋ, ನಿನ್ನೆಯೋ, 30 ವರ್ಷ ಹಿಂದೆಯೋ, ನೀವು ಇರುವಲ್ಲಿಯೇ ಆ ಹೆಸರನ್ನು ಮೆಲ್ಲಗೆ ಹೇಳಿ. ಮುಂದೆ ಬರಬೇಕಾಗಿಲ್ಲ.

ಕರ್ತನೇ, ಈ ಹೆಸರುಗಳೆಲ್ಲ ನಿನಗೆ ಗೊತ್ತು. ನೀನು ಲಾಜರನ ಸಮಾಧಿಯ ಹತ್ತಿರ ಅತ್ತವನು. ತಾಯಿಯ ಎದುರೇ ಮರದ ಮೇಲೆ ಸತ್ತವನು. ಈ ತಾಯಂದಿರಿಗೆ ಈ ರಾತ್ರಿ ಸ್ವಲ್ಪ ನಿದ್ದೆ ಕೊಡು. ಅಪ್ಪಂದಿರು ಯಾರ ಎದುರೂ ಅಳುವುದಿಲ್ಲ, ಅವರಿಗೆ ಅಳಲಿಕ್ಕೆ ಒಂದು ಜಾಗ ಕೊಡು. ನಮ್ಮ ಬಾಯಿಯನ್ನು ಕಾಯಿ. ಆ ಮಕ್ಕಳನ್ನು ನಾವು ನೋಡುವವರೆಗೆ ನೀನು ನೋಡಿಕೋ. ಯೇಸುವಿನ ನಾಮದಲ್ಲಿ ಬೇಡಿಕೊಳ್ತೇವೆ ತಂದೆಯೇ, ಆಮೆನ್.